ಬಿಸಿಲಿಗೆ ಬಾಗಿದ ಡ್ಯಾಶ್‌ಬೋರ್ಡ್: ಹಳೆಯ ಕಾರಿನ ಫೈಬರ್ ಕೆಲಸದ ಒಂದು ಪ್ರಕರಣ

ಹಿನ್ನೆಲೆ

ಕಾರು 1970ರ ದಶಕದ ಆರಂಭದ್ದು, ನಾಲ್ಕು ಬಾಗಿಲಿನ ಸಾಧಾರಣ ಸೆಡಾನ್. ಕಾರಿನ ಹೆಸರು, ಮಾಲೀಕರ ಗುರುತು, ಕೆಲಸ ನಡೆದ ಜಾಗ ಯಾವುದೂ ಇಲ್ಲಿ ಬರುವುದಿಲ್ಲ. ಮೂವರು ಸೇರಿ ಮಾಡಿದ ಕೆಲಸ ಇದು: ಕಾರಿನ ಮಾಲೀಕರು, ಫೈಬರ್ ಕೆಲಸದಲ್ಲಿ ಕೈ ಪಳಗಿದ ಒಬ್ಬ ಮೇಸ್ತ್ರಿ, ವೈರಿಂಗ್ ನೋಡಿಕೊಳ್ಳಲು ನಾನು. ಮೇಸ್ತ್ರಿ ಅದುವರೆಗೆ ಬಂಪರ್, ಬಾನೆಟ್‌ನಂಥ ಹೊರಗಿನ ಭಾಗಗಳನ್ನು ಬೇಕಾದಷ್ಟು ಮಾಡಿದ್ದರು. ಡ್ಯಾಶ್‌ಬೋರ್ಡ್ ಮಾಡಿರಲಿಲ್ಲ. ಈ ವ್ಯತ್ಯಾಸ ಸಣ್ಣದೇನಲ್ಲ ಅಂತ ಆಮೇಲೆ ಗೊತ್ತಾಯಿತು.

ಹಳೆಯ ಡ್ಯಾಶ್‌ಬೋರ್ಡಿನ ಒಳಗೆ ಉಕ್ಕಿನ ಚೌಕಟ್ಟು. ಅದರ ಮೇಲೆ ಫೋಮ್, ಫೋಮಿನ ಮೇಲೆ ವಿನೈಲ್ ಹೊದಿಕೆ. ವಿನೈಲ್ ಮೆತ್ತಗಿರಲಿ ಅಂತ ಅದಕ್ಕೆ ಪ್ಲಾಸ್ಟಿಸೈಸರ್ ಬೆರೆಸಿರುತ್ತಾರೆ. ಬಿಸಿಲಿನ ಕಾವಿಗೆ ಅದು ವರ್ಷ ವರ್ಷ ಸ್ವಲ್ಪ ಸ್ವಲ್ಪ ಹೊರಗೆ ಹೋಗುತ್ತದೆ. ಮುಂದಿನ ಗಾಜಿನ ಒಳಮೈಗೆ ಒಂದು ಜಿಡ್ಡಿನ ಪೊರೆ ಅಂಟಿಕೊಳ್ಳುತ್ತದಲ್ವಾ, ಅದರಲ್ಲಿ ಇದರ ಪಾಲೂ ಇರುತ್ತದೆ. ಪ್ಲಾಸ್ಟಿಸೈಸರ್ ಕಳೆದುಕೊಂಡ ವಿನೈಲ್ ಗಡುಸಾಗಿ, ಕುಗ್ಗಿ, ಸೀಳುತ್ತದೆ. ಈ ಕಾರಿನಲ್ಲಿ ಗಾಜಿನ ಬುಡದಿಂದ ಮೀಟರ್‌ಗಳ ತನಕ ಸೀಳು ಬಿಟ್ಟಿತ್ತು. ಒಳಗಿನ ಫೋಮ್ ಮುಟ್ಟಿದರೆ ಪುಡಿಯಾಗುತ್ತಿತ್ತು. ಹೊಸ ಬಿಡಿಭಾಗ ತಯಾರಾಗುತ್ತಿರಲಿಲ್ಲ. ಬಳಸಿದ್ದು ಸಿಕ್ಕರೂ ಅದರದ್ದೂ ಇದೇ ಕಥೆ.

ಬರೀ ಸೀಳು ಮುಚ್ಚುವುದಷ್ಟೇ ಆಗಿದ್ದರೆ ಫೈಬರ್ ಕೆಲಸಕ್ಕೆ ಕೈ ಹಾಕುವ ಅಗತ್ಯವೇ ಇರಲಿಲ್ಲ. ಸಡಿಲ ಫೋಮ್ ಕಿತ್ತು, ಬಾಗುವ ಫಿಲ್ಲರ್ ತುಂಬಿ, ಮೇಲೆ ಹೊಸ ರೆಕ್ಸಿನ್ ಎಳೆದಿದ್ದರೆ ಸಾಕಿತ್ತು. ನನ್ನನ್ನು ಯಾರೇ ಕೇಳಿದರೂ ಮೊದಲು ಅದನ್ನೇ ಹೇಳುತ್ತೇನೆ. ಆದರೆ ಮಾಲೀಕರಿಗೆ ಇನ್ನೂ ಕೆಲವು ಬೇಕುಗಳಿದ್ದವು. ಆಯಿಲ್ ಪ್ರೆಶರ್ ಮತ್ತು ವೋಲ್ಟ್ ಮೀಟರ್ ಹೊಸದಾಗಿ ಬರಬೇಕು. ಮಧ್ಯದಲ್ಲಿ ಗಾಳಿಯ ಕಿಂಡಿಗಳು ಬೇಕು. ಹಳೆಯ ಸ್ಪೀಡೋಮೀಟರ್ ಮಾತ್ರ ಇದ್ದ ಹಾಗೇ ಇರಬೇಕು. ಇಷ್ಟೆಲ್ಲ ಹಳೆಯ ಆಕಾರದೊಳಗೆ ಹಿಡಿಸುವ ಮಾತಾಗಿರಲಿಲ್ಲ. ಕಾರಿಗೆ ಏರ್‌ಬ್ಯಾಗ್ ಇರಲಿಲ್ಲ ಅನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಪ್ರಯಾಣಿಕರ ಕಡೆ ಏರ್‌ಬ್ಯಾಗ್ ಇರುವ ಕಾರಿನಲ್ಲಿ ಈ ಕೆಲಸ ಮಾಡಲೇಬಾರದು. ಆ ಚೀಲ ಎಲ್ಲಿ ಹರಿದು ಹೊರಗೆ ಬರಬೇಕು ಅನ್ನುವುದನ್ನು ಡ್ಯಾಶ್‌ಬೋರ್ಡಿನ ಮುಚ್ಚಳವೇ ತೀರ್ಮಾನಿಸುತ್ತದೆ. ಅದರ ಮೇಲೆ ಫೈಬರ್ ಹಾಕುವುದು ಆಟವಲ್ಲ.

ಒಂಬತ್ತು ಮಿಲಿಮೀಟರ್ ಲೆಕ್ಕ

ಮೇಸ್ತ್ರಿಯ ಮೊದಲ ಯೋಜನೆ ಸರಳವಾಗಿತ್ತು. ಹಳೆಯದನ್ನು ಕೀಳುವುದೇ ಬೇಡ. ಅದರ ಮೇಲೆ ಮಾಸ್ಕಿಂಗ್ ಟೇಪ್, ಅದರ ಮೇಲೆ ಅಲ್ಯೂಮಿನಿಯಂ ಫಾಯಿಲ್, ಆಮೇಲೆ ನೇರವಾಗಿ ಮ್ಯಾಟ್, ಅಂದರೆ ಗಾಜಿನ ಎಳೆಗಳ ಹಾಸು, ಮತ್ತು ಅದನ್ನು ನೆನೆಸಿ ಗಟ್ಟಿಯಾಗುವ ರೆಸಿನ್. ಗಟ್ಟಿಯಾದ ಮೇಲೆ ಚಿಪ್ಪು ಎತ್ತಿ, ಉಜ್ಜಿ, ರೆಕ್ಸಿನ್ ಹಾಕಿ, ಅದೇ ಹಳೆಯ ಡ್ಯಾಶ್‌ಬೋರ್ಡಿನ ಮೇಲೆ ಕೂರಿಸುವುದು. ಕಡಿಮೆ ಕೆಲಸ, ಅಳತೆಯ ತಲೆನೋವಿಲ್ಲ.

ಚಿಪ್ಪು ಚೆನ್ನಾಗಿಯೇ ಬಂತು. ಕೂರಿಸಲು ಹೋದಾಗ ಕೂರಲಿಲ್ಲ.

ಕಾರಣ ಬರೀ ದಪ್ಪ. ಚದರ ಮೀಟರಿಗೆ 450 ಗ್ರಾಂ ತೂಗುವ ಮ್ಯಾಟಿನ ಒಂದು ಪದರ ಕೈಯಿಂದ ಹಾಕಿದರೆ ಹೆಚ್ಚು ಕಡಿಮೆ 1 ಮಿ.ಮೀ. ಬರುತ್ತದೆ. ಮೂರು ಪದರಕ್ಕೆ 3 ಮಿ.ಮೀ. ಪುಟ್ಟಿ 2 ಮಿ.ಮೀ. ಮೆತ್ತನೆಯ ಫೋಮ್ 3 ಮಿ.ಮೀ. ರೆಕ್ಸಿನ್ 1 ಮಿ.ಮೀ. ಒಟ್ಟು 9 ಮಿ.ಮೀ. ಗಾಜಿನ ಕೆಳ ಅಂಚಿನ ಕೆಳಗೆ ಹಳೆಯ ಡ್ಯಾಶ್‌ಬೋರ್ಡ್ ತೂರುವ ಜಾಗದಲ್ಲಿ ಅಷ್ಟು ಸಂದು ಇರಲೇ ಇಲ್ಲ. ಗ್ಲೋವ್ ಬಾಕ್ಸಿನ ಮುಚ್ಚಳದ ಮೇಲಂಚು ಹೊಸ ತುಟಿಗೆ ತಾಗುತ್ತಿತ್ತು. ಎರಡೂ ಬದಿಯಲ್ಲಿ ಬಾಗಿಲು ಹಾಕಿದರೆ ಬಾಗಿಲಿನ ಒಳಫಲಕ ಬಂದು ಉಜ್ಜುತ್ತಿತ್ತು.

ಮಾಲೀಕರು ಗ್ರೈಂಡರ್ ಹಿಡಿದು ಅಲ್ಲಲ್ಲಿ ತೆಳ್ಳಗೆ ಮಾಡೋಣ ಅಂದರು. ಅದೇ ದಾರಿಯಲ್ಲಿ ಹೋಗಿದ್ದರೆ ಚಿಪ್ಪು ಎಲ್ಲಿ ಗಟ್ಟಿ ಬೇಕೋ ಅಲ್ಲೇ ತೆಳ್ಳಗಾಗುತ್ತಿತ್ತು. ತಿರುಗಿಸುವ ಸ್ಕ್ರೂ, ಬ್ರಾಕೆಟ್ಟು ಎಲ್ಲ ಬರುವುದು ಅಂಚಿನಲ್ಲೇ ಅಲ್ವಾ? ಸ್ವಲ್ಪ ಎಳೆದಾಟದ ನಂತರ ಆ ಚಿಪ್ಪನ್ನು ಪಕ್ಕಕ್ಕಿಟ್ಟೆವು. ಪೂರ್ತಿ ವ್ಯರ್ಥ ಆಗಲಿಲ್ಲ. ಗಾಜಿನ ಬುಡದ ವಕ್ರತೆ ಅದರಲ್ಲಿ ಕರಾರುವಾಕ್ಕಾಗಿ ಅಚ್ಚಾಗಿತ್ತು. ಮುಂದೆ ಅದನ್ನೇ ಅಳತೆಪಟ್ಟಿಯಾಗಿ ಬಳಸಿದೆವು.

ಹೊಸ ತೀರ್ಮಾನ: ಹಳೆಯ ವಿನೈಲ್ ಮತ್ತು ಫೋಮ್ ಪೂರ್ತಿ ಕಿತ್ತು ಉಕ್ಕಿನ ಚೌಕಟ್ಟಿನವರೆಗೆ ಇಳಿಯುವುದು, ಅದರ ಮೇಲೆ ಹೊಸ ಆಕಾರ ಕಟ್ಟುವುದು. ಚೌಕಟ್ಟನ್ನು ಮಾತ್ರ ಒಂದಿಷ್ಟೂ ಕತ್ತರಿಸಬಾರದು ಅಂತ ನಾನು ಹಟ ಹಿಡಿದೆ. ಸ್ಟೀರಿಂಗ್ ಕಾಲಮ್ಮಿನ ಬ್ರಾಕೆಟ್ ಅದಕ್ಕೇ ಬೋಲ್ಟ್ ಆಗಿತ್ತು. ಎರಡು ಬದಿಯ ಕಂಬಗಳನ್ನು ಹಿಡಿದಿಡುವುದರಲ್ಲೂ ಅದರ ಪಾಲಿದೆ. ಜಾಗ ಸಾಲದು ಅಂತ ಈ ಚೌಕಟ್ಟನ್ನು ಕತ್ತರಿಸಿ ಎಸೆದ ಕಾರುಗಳನ್ನು ನೋಡಿದ್ದೇನೆ. ಆಮೇಲೆ ಸ್ಟೀರಿಂಗ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದರೆ ಇಡೀ ಡ್ಯಾಶ್‌ಬೋರ್ಡ್ ಜೊತೆಗೇ ಅಲ್ಲಾಡುತ್ತದೆ.

ಬಲ್ಬು ಮತ್ತು ನೆರಳು

ಆಕಾರ ಕಟ್ಟಲು ಮೇಸ್ತ್ರಿ ಪಾಲಿಯೂರಿಥೇನ್ ಫೋಮಿನ ದಿಮ್ಮಿ ತಂದರು. ಥರ್ಮೊಕೋಲ್ ಇಲ್ಲಿ ನಡೆಯುವುದಿಲ್ಲ. ಪಾಲಿಯೆಸ್ಟರ್ ರೆಸಿನ್‌ನಲ್ಲಿರುವ ಸ್ಟೈರೀನ್ ಅದನ್ನು ಕರಗಿಸಿ ಗುಂಡಿ ಮಾಡಿಬಿಡುತ್ತದೆ.

ಮೀಟರ್‌ಗಳನ್ನು ಎಲ್ಲಿ, ಯಾವ ಓರೆಯಲ್ಲಿ ಕೂರಿಸಬೇಕು ಅನ್ನುವುದಕ್ಕೆ ಮಾಡಿದ ಉಪಾಯ ಈ ಇಡೀ ಕೆಲಸದಲ್ಲಿ ನನಗೆ ತುಂಬಾ ಹಿಡಿಸಿದ್ದು. ಮಾಲೀಕರು ಸೀಟಿನಲ್ಲಿ ಎಂದಿನಂತೆ ಕೂತರು. ಅವರ ಕಣ್ಣಿನ ಎತ್ತರ ಗುರುತು ಮಾಡಿಕೊಂಡೆವು. ಅವರು ಇಳಿದ ಮೇಲೆ ಸರಿಯಾಗಿ ಅದೇ ಜಾಗಕ್ಕೆ ಒಂದು ಸಣ್ಣ ಬಲ್ಬು ಕಟ್ಟಿ, ಕಾರಿನ ಒಳಗೆ ಕತ್ತಲೆ ಮಾಡಿ, ಬಲ್ಬು ಹಚ್ಚಿದೆವು. ಸ್ಟೀರಿಂಗ್ ಚಕ್ರದ ನೆರಳು ಫೋಮಿನ ಮೇಲೆ ಬಿತ್ತು. ನೆರಳು ಬಿದ್ದ ಕಡೆ ಮೀಟರ್ ಇಟ್ಟರೆ ಚಕ್ರ ಅಡ್ಡ ಬಂದು ಕಾಣುವುದಿಲ್ಲ, ಬೆಳಕು ಬಿದ್ದ ಕಡೆ ಕಾಣುತ್ತದೆ. ಮಾರ್ಕರ್‌ನಲ್ಲಿ ನೆರಳಿನ ಅಂಚು ಬರೆದುಕೊಂಡರೆ ಮುಗಿಯಿತು. ಮನೆಯಲ್ಲಿ ಇನ್ನೊಬ್ಬರೂ ಕಾರು ಓಡಿಸುತ್ತಾರೆ, ಅವರು ಎತ್ತರದಲ್ಲಿ ಕಡಿಮೆ. ಬಲ್ಬು ಇಳಿಸಿ ಇನ್ನೊಂದು ಗೆರೆ ಎಳೆದೆವು. ಎರಡೂ ಗೆರೆಗಳ ನಡುವೆ ಉಳಿದ ಬೆಳಕಿನ ಜಾಗ ಮಾಲೀಕರು ಕಾಗದದಲ್ಲಿ ಬರೆದುಕೊಂಡು ಬಂದಿದ್ದ ಚಿತ್ರಕ್ಕಿಂತ ಬಹಳ ಕಿರಿದಾಗಿತ್ತು. ಹೊಸ ಎರಡು ಮೀಟರ್ ಅಲ್ಲಿಂದ ಮಧ್ಯದ ಭಾಗಕ್ಕೆ ಹೋದವು, ಚಾಲಕರ ಕಡೆಗೆ ಓರೆಯಾಗಿ. ಚಿತ್ರದಲ್ಲಿದ್ದ ಅಂದ ಹೋಯಿತು ಅಂತ ಅವರಿಗೆ ಸ್ವಲ್ಪ ಬೇಸರ. ಆದರೆ ಓದಲು ಬಾರದ ಮೀಟರ್ ಇದ್ದು ಏನು ಮಾಡುವುದು?

ಇನ್ನೊಂದು ಪ್ರಶ್ನೆ ಅಲ್ಲೇ ಬಂತು. ಇಷ್ಟು ಅಗಲದ ಒಂದೇ ತುಂಡು ಬಾಗಿಲಿನಿಂದ ಒಳಗೆ ಹೋಗುತ್ತದಾ? ರಟ್ಟಿನಲ್ಲಿ ಅದೇ ಅಳತೆಯ ಒಂದು ಒರಟು ಮಾದರಿ ಮಾಡಿ ತೂರಿಸಿ ನೋಡಿದೆವು. ಹೋಗುತ್ತಿತ್ತು. ಆದರೆ ಸ್ಟೀರಿಂಗ್ ಬಿಚ್ಚಿದರೆ ಮಾತ್ರ. ನಾಳೆ ಮೀಟರಿನ ಒಂದು ಬಲ್ಬು ಸುಟ್ಟರೂ ಸ್ಟೀರಿಂಗ್ ಬಿಚ್ಚಬೇಕು. ಹಾಗಾಗಿ ಎರಡು ತುಂಡು ಮಾಡಿದೆವು: ಗಾಜಿನ ಕಡೆಯ ಮೇಲ್ಭಾಗ ಒಂದು, ಮೀಟರ್‌ಗಳಿರುವ ಮುಂಭಾಗ ಒಂದು. ಎರಡೂ ಸೇರುವ ಗೆರೆಯನ್ನು ಮೀಟರ್‌ಗಳ ಮೇಲಿನ ಹುಬ್ಬಿನ ಕೆಳಗೆ ಅಡಗಿಸಿದೆವು. ಮುಂಭಾಗವನ್ನು ನಾಲ್ಕು ಸ್ಕ್ರೂ ಬಿಚ್ಚಿ ಮುಂದಕ್ಕೆ ವಾಲಿಸಿದರೆ ಹಿಂದೆ ಕೈ ಹೋಗುತ್ತದೆ. ಸ್ಪೀಡೋಮೀಟರ್ ಕೇಬಲ್ಲಿನ ತಿರುಪು ಸಿಗುತ್ತದೆ. ಈ ಒಂದು ನಿರ್ಧಾರ ಮುಂದೆ ನಮ್ಮನ್ನು ಎರಡು ಸಲ ಕಾಪಾಡಿತು.

ರೆಸಿನ್, ಮ್ಯಾಟ್, ಕಾವು

ಮ್ಯಾಟ್ ಹಾಕುವ ಕೆಲಸದ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಮೇಸ್ತ್ರಿಗೆ ಅದು ನಿತ್ಯದ ಕೆಲಸ. ಕೆಲವು ಮಾತು ಮಾತ್ರ.

ಹಾರ್ಡ್ನರ್ ಅಂತ ಕರೆಯುವ ಎಂಇಕೆಪಿಯನ್ನು ಸಾಮಾನ್ಯವಾಗಿ ರೆಸಿನ್ ತೂಕದ ಶೇ 1ರಿಂದ 2ರಷ್ಟು ಹಾಕುತ್ತಾರೆ. ಕೆಜಿ ರೆಸಿನ್‌ಗೆ 10ರಿಂದ 20 ಗ್ರಾಂ. ಸೆಕೆ ಜಾಸ್ತಿ ಇದ್ದ ದಿನ ಮೇಸ್ತ್ರಿ ಕಡಿಮೆ ಕಡೆಗೇ ನಿಂತರು. ಕಲಸಿದ ರೆಸಿನನ್ನು ಆಳದ ಡಬ್ಬದಲ್ಲಿ ಬಿಟ್ಟರೆ ಅದರ ಕಾವು ಹೊರಗೆ ಹೋಗಲು ದಾರಿ ಇಲ್ಲದೆ ಇನ್ನೂ ಬೇಗ ಗಟ್ಟಿಯಾಗಿ ಹೊಗೆ ಬರುತ್ತದೆ. ಅಗಲವಾದ ತಟ್ಟೆಗೆ ಸುರಿದುಕೊಂಡರೆ ಕೆಲಸಕ್ಕೆ ಸಮಯ ಸಿಗುತ್ತದೆ. ಗಟ್ಟಿಯಾಗುವುದನ್ನು ಚುರುಕು ಮಾಡುವ ಕೋಬಾಲ್ಟ್ ಬೇರೆಯಾಗಿ ಬೆರೆಸಬೇಕಾದ ರೆಸಿನ್ ಆದರೆ ಮೊದಲು ಕೋಬಾಲ್ಟ್ ಹಾಕಿ ಪೂರ್ತಿ ಕಲಸಿ, ಆಮೇಲೇ ಹಾರ್ಡ್ನರ್. ಇವೆರಡನ್ನೂ ನೇರವಾಗಿ ಒಂದಕ್ಕೊಂದು ಸೇರಿಸಿದರೆ ಸ್ಫೋಟ ಆಗಬಹುದು. ಹಾರ್ಡ್ನರ್ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗುವ ಅಪಾಯವಿದೆ. ಕನ್ನಡಕ ಇಲ್ಲದೆ ಮುಚ್ಚಳ ತೆಗೆಯಬೇಡಿ. ಸ್ಟೈರೀನ್ ವಾಸನೆಗೆ ಬಟ್ಟೆಯ ಮಾಸ್ಕ್ ಏನೂ ಮಾಡುವುದಿಲ್ಲ, ಆವಿ ಹೀರುವ ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು.

ಮ್ಯಾಟಿಗೆ ಚೂಪು ಮೂಲೆ ಆಗುವುದಿಲ್ಲ. ಎಷ್ಟು ಒತ್ತಿದರೂ ಎದ್ದು ನಿಲ್ಲುತ್ತದೆ, ಕೆಳಗೆ ಗಾಳಿ ಉಳಿಯುತ್ತದೆ. ಗಟ್ಟಿಯಾದ ಮೇಲೆ ಆ ಗಾಳಿಯ ಗೂಡು ಬೆರಳು ಒತ್ತಿದರೆ ಪಟ್ ಅಂತ ಒಡೆಯುತ್ತದೆ. ಅದಕ್ಕೇ ಮೂಲೆಗಳನ್ನೆಲ್ಲ ದುಂಡಗೆ ಮಾಡಿದೆವು. ಇದರಿಂದ ಇನ್ನೊಂದು ಲಾಭವೂ ಇತ್ತು. ಕಾರಿನ ಒಳಭಾಗಗಳ ಬಗ್ಗೆ ಇರುವ ವಿಶ್ವಸಂಸ್ಥೆಯ 21ನೇ ನಿಯಮಾವಳಿ ತಲೆ ತಾಗಬಹುದಾದ ಗಟ್ಟಿ ಅಂಚುಗಳಿಗೆ ಕನಿಷ್ಠ 2.5 ಮಿ.ಮೀ. ತ್ರಿಜ್ಯದ ದುಂಡು ಕೇಳುತ್ತದೆ. ನಾವು ಎಲ್ಲೂ ಅದಕ್ಕಿಂತ ಕಡಿಮೆ ಬಿಡಲಿಲ್ಲ, ಮೊಣಕಾಲಿನ ಎತ್ತರದಲ್ಲಿ ಅದರ ಎಷ್ಟೋ ಪಟ್ಟು ಇಟ್ಟೆವು. ಫೈಬರ್ ಒಡೆದರೆ ತಗಡಿನ ಹಾಗೆ ಮಡಚಿಕೊಳ್ಳುವುದಿಲ್ಲ, ಚೂಪು ಸೀಳುಗಳಾಗಿ ಮುರಿಯುತ್ತದೆ. ಹೊರಗಿನ ಬಂಪರಿಗೂ ಮುಖದ ಮುಂದಿರುವ ಡ್ಯಾಶ್‌ಬೋರ್ಡಿಗೂ ಇಲ್ಲೇ ವ್ಯತ್ಯಾಸ.

ಕುಗ್ಗುವಿಕೆಯ ಲೆಕ್ಕವನ್ನು ಮೊದಲೇ ಹಾಕಿಕೊಂಡಿದ್ದೆವು. ಪಾಲಿಯೆಸ್ಟರ್ ಗಟ್ಟಿಯಾಗುವಾಗ ಕುಗ್ಗುತ್ತದೆ, ಮ್ಯಾಟಿನ ಗಾಜಿನ ಎಳೆಗಳು ಅದನ್ನು ತಡೆದು ಹಿಡಿಯುತ್ತವೆ. 1300 ಮಿ.ಮೀ. ಉದ್ದದಲ್ಲಿ ಶೇ 0.3ರಷ್ಟು ಕುಗ್ಗಿದರೂ ಸುಮಾರು 4 ಮಿ.ಮೀ. ಆಯಿತು. ಅಷ್ಟು ಜಾಗವನ್ನು ಎರಡೂ ತುದಿಯಲ್ಲಿ ಹಂಚಿಟ್ಟಿದ್ದೆವು. ಸ್ಕ್ರೂ ತೂತುಗಳೂ ಉದ್ದನೆಯವು. ಈ ಲೆಕ್ಕ ತಪ್ಪಲಿಲ್ಲ.

ದಾರದ ಪರೀಕ್ಷೆ

ರೆಕ್ಸಿನ್ ಹಾಕುವ ಮುಂಚೆ ಬರೀ ಚಿಪ್ಪನ್ನು ಕಾರಿನಲ್ಲಿ ಕೂರಿಸಿ ಬಿಸಿಲಿಗೆ ಬಿಟ್ಟು ನೋಡೋಣ ಅಂತ ಮಾಲೀಕರೇ ಹೇಳಿದರು. ಮೇಸ್ತ್ರಿಗೆ ಅದು ಸುಮ್ನೆ ದಿನ ಹಾಳು ಮಾಡುವ ಮಾತು ಅನ್ನಿಸಿತು. ಆದರೂ ಒಪ್ಪಿದರು. ಮೇಲ್ಭಾಗದ ಎಡ ತುದಿಯಿಂದ ಬಲ ತುದಿಗೆ ಒಂದು ದಾರ ಬಿಗಿಯಾಗಿ ಕಟ್ಟಿ, ಗಾಜು ಏರಿಸಿ, ಕಾರನ್ನು ಮಧ್ಯಾಹ್ನದ ಬಿಸಿಲಿಗೆ ನಿಲ್ಲಿಸಿದೆವು.

ಸಂಜೆ ನೋಡಿದರೆ ಚಿಪ್ಪು ಬಟ್ಟೆ ಒಣಹಾಕುವ ಹಗ್ಗದ ಹಾಗೆ ಮಧ್ಯದಲ್ಲಿ ಜೋತಿತ್ತು. ದಾರ ಮಾತ್ರ ನೇರವಾಗಿತ್ತು. ನಡುವಿನ ಸಂದಿಯಲ್ಲಿ ಕಿರುಬೆರಳು ಸಲೀಸಾಗಿ ಹೋಗುತ್ತಿತ್ತು. ತಣ್ಣಗಾದ ಮೇಲೆ ವಾಪಸ್ ಬರುತ್ತದೆ ಅಂದುಕೊಂಡೆವು. ಬರಲಿಲ್ಲ, ಬಾಗಿದ ಆಕಾರದಲ್ಲೇ ಗಟ್ಟಿಯಾಯಿತು.

“ಸರ್, ಪುಟ್ಟಿ ಹಾಕಿದ್ರೆ ಲೆವೆಲ್ ಆಗುತ್ತೆ. ಮೇಲೆ ರೆಕ್ಸಿನ್ ಬರುತ್ತಲ್ಲ, ಯಾರಿಗೂ ಕಾಣಲ್ಲ,” ಅಂದರು ಮೇಸ್ತ್ರಿ.

ಮಾಲೀಕರಿಗೂ ಅದೇ ಸರಿ ಅನ್ನಿಸತೊಡಗಿತ್ತು. ಆಗಲೇ ಸಾಕಷ್ಟು ಕಾಲ, ಖರ್ಚು ಎರಡೂ ಆಗಿತ್ತು. ಈ ಪ್ರಕರಣದಲ್ಲಿ ಎಲ್ಲಕ್ಕಿಂತ ದೊಡ್ಡ ತಿರುವು ಇದೇ ಅಂತ ನನ್ನ ಎಣಿಕೆ. ಪುಟ್ಟಿ ಹಾಕಿದ್ದರೆ ಏನಾಗುತ್ತಿತ್ತು ನೋಡಿ. ಮಧ್ಯದಲ್ಲಿ ತೂಕ ಇನ್ನೂ ಜಾಸ್ತಿ. ಮುಂದಿನ ಬಿಸಿಲಿಗೆ ಚಿಪ್ಪು ಮತ್ತೆ ಬಾಗುತ್ತದೆ. ಪುಟ್ಟಿ ಅದರ ಜೊತೆ ಬಾಗುವುದಿಲ್ಲ, ಬಿರುಕು ಬಿಡುತ್ತದೆ. 3 ಮಿ.ಮೀ. ದಾಟಿದ ಪುಟ್ಟಿ ಅಲ್ಲಾಡುವ ಮೈ ಮೇಲೆ ಹೇಗೂ ನಿಲ್ಲುವುದಿಲ್ಲ. ಆ ಬಿರುಕು ರೆಕ್ಸಿನ್ ಮೇಲೆ ಗೆರೆಯಾಗಿ ಕಾಣುತ್ತದೆ.

ಬಾಗಿದ್ದು ಯಾಕೆ ಅಂತ ಕೂತು ಯೋಚಿಸಿದಾಗ ಮೂರು ಸಂಗತಿ ಸಿಕ್ಕಿದವು. ಒಂದು, ರೆಸಿನ್. ಬಂಪರಿಗೆ ಬಳಸುವ ಸಾಮಾನ್ಯ ಆರ್ಥೋಫ್ತಾಲಿಕ್ ಪಾಲಿಯೆಸ್ಟರ್ 60ರಿಂದ 75 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಬಿಗಿ ಬಿಡಲು ಶುರುಮಾಡುತ್ತದೆ. ಮುಚ್ಚಿದ ಕಾರಿನ ಡ್ಯಾಶ್‌ಬೋರ್ಡ್ ನೇರ ಬಿಸಿಲಿನಲ್ಲಿ 70 ಡಿಗ್ರಿ ದಾಟುವುದು ಏನೂ ಅಪರೂಪವಲ್ಲ. ಹೊರಗಿನ ಬಂಪರಿಗೆ ಗಾಳಿ ಆಡುತ್ತದೆ, ಗಾಜಿನ ಕೆಳಗಿನ ಈ ತುಂಡಿಗೆ ಇಲ್ಲ. ಎರಡು, ರೆಸಿನ್ ಪೂರ್ತಿ ಪಕ್ವ ಆಗಿರಲಿಲ್ಲ. ಮುಟ್ಟಿದರೆ ಗಟ್ಟಿ ಅನ್ನಿಸಿದ ಮಾತ್ರಕ್ಕೆ ಒಳಗಿನ ಕೆಲಸ ಮುಗಿದಿರುವುದಿಲ್ಲ, ಕಾವು ಕೊಡದೆ ಅದು ಪೂರ್ತಿ ಆಗುವುದೂ ಇಲ್ಲ. ಮೂರು, ಚಿಪ್ಪಿಗೆ ಆಧಾರ ಇದ್ದದ್ದು ಎರಡು ತುದಿಯಲ್ಲಿ ಮಾತ್ರ.

ಪಾಲಿಯೆಸ್ಟರ್ ಬದಲು ಎಪಾಕ್ಸಿ ಅನ್ನುವ ಇನ್ನೊಂದು ಬಗೆಯ ರೆಸಿನ್ ಹಾಕಿದ್ದರೆ ಈ ರಗಳೆ ಇರುತ್ತಿರಲಿಲ್ಲ ಅನ್ನುವ ಮಾತನ್ನು ಆಮೇಲೆ ಒಂದಿಬ್ಬರು ಹೇಳಿದರು. ಹಾಗೇನಿಲ್ಲ. ಕಾವು ಕೊಡದೆ ಹಾಗೇ ಒಣಗಲು ಬಿಟ್ಟ ಎಷ್ಟೋ ಎಪಾಕ್ಸಿಗಳು 50–60 ಡಿಗ್ರಿಗೇ ಮೆತ್ತಗಾಗುತ್ತವೆ. ಮೇಲಾಗಿ ಸಾಮಾನ್ಯ ಮ್ಯಾಟಿನ ಎಳೆಗಳನ್ನು ಹಿಡಿದಿರುವ ಅಂಟು ಕರಗುವುದು ಸ್ಟೈರೀನ್‌ನಲ್ಲಿ. ಎಪಾಕ್ಸಿಯಲ್ಲಿ ಸ್ಟೈರೀನ್ ಇರುವುದಿಲ್ಲ, ಹಾಗಾಗಿ ಮ್ಯಾಟ್ ಸರಿಯಾಗಿ ಒದ್ದೆಯಾಗಿ ಆಕಾರಕ್ಕೆ ಕೂರುವುದಿಲ್ಲ.

ಕೊನೆಗೆ ಎರಡು ತುಂಡಿಗೆ ಎರಡು ಬೇರೆ ತೀರ್ಮಾನ ಆಯಿತು. ಮೀಟರ್‌ಗಳ ಮುಂಭಾಗಕ್ಕೆ ನೇರ ಬಿಸಿಲು ಬೀಳುವುದಿಲ್ಲ, ಅದು ಬಾಗಿಯೂ ಇರಲಿಲ್ಲ. ಅದನ್ನು ಉಳಿಸಿಕೊಂಡೆವು. ಮೇಲ್ಭಾಗವನ್ನು ಎಸೆದು ಐಸೋಫ್ತಾಲಿಕ್ ಅನ್ನುವ ಇನ್ನೊಂದು ಬಗೆಯ ಪಾಲಿಯೆಸ್ಟರ್ ರೆಸಿನ್‌ನಲ್ಲಿ ಹೊಸದಾಗಿ ಮಾಡಿದೆವು. ಪೂರ್ತಿ ಪಕ್ವ ಆದರೆ ಅದು 90 ಡಿಗ್ರಿಯ ಮೇಲೂ ಬಿಗಿ ಬಿಡುವುದಿಲ್ಲ. ಒಂದೇ ತುಂಡು ಮಾಡಿದ್ದರೆ ಎಲ್ಲವನ್ನೂ ಎಸೆಯಬೇಕಾಗುತ್ತಿತ್ತು.

ಹೊಸ ಚಿಪ್ಪನ್ನು ಅಚ್ಚಿನಿಂದ ಎಬ್ಬಿಸುವ ಮುಂಚೆಯೇ ಕಾಯಿಸಿದೆವು. ತಗಡಿನ ಒಂದು ಪೆಟ್ಟಿಗೆ ಕಟ್ಟಿ, ಒಳಗೆ ಬಿಸಿಗಾಳಿ ಬಿಟ್ಟು, ನಿಧಾನವಾಗಿ 80 ಡಿಗ್ರಿಗೆ ಏರಿಸಿ 3 ಗಂಟೆ ಹಿಡಿದು, ಹಾಗೇ ನಿಧಾನವಾಗಿ ಇಳಿಸಿದ್ದು. ಅಚ್ಚಿನ ಮೇಲೇ ಇರಬೇಕು ಅನ್ನುವುದು ಮುಖ್ಯ. ಎಬ್ಬಿಸಿ ಕಾಯಿಸಿದರೆ ಆ ಕಾವಿಗೇ ಬಾಗುತ್ತದೆ. ಹಿಂಬದಿಗೆ ಫೋಮಿನ ಪಟ್ಟಿ ಅಂಟಿಸಿ ಮೇಲೆ ಮ್ಯಾಟ್ ಹೊದಿಸಿ ಎರಡು ಉದ್ದ ಏಣುಗಳನ್ನು ಮಾಡಿದೆವು. ಮಧ್ಯದಲ್ಲಿ ಉಕ್ಕಿನ ಚೌಕಟ್ಟಿಗೆ ಒಂದು ಬ್ರಾಕೆಟ್ ಕೂಡ ಬಂತು. ಮತ್ತೆ ದಾರ ಕಟ್ಟಿ ಬಿಸಿಲಿಗೆ ನಿಲ್ಲಿಸಿದಾಗ ದಾರದ ಕೆಳಗೆ ಉಗುರು ತೂರಲೂ ಸಂದಿ ಇರಲಿಲ್ಲ. ಮೇಸ್ತ್ರಿ ದಾರವನ್ನು ಬೆರಳಿಂದ ಮೀಟಿ ನೋಡಿ, ಏನೂ ಹೇಳದೆ ಎಮರಿ ಪೇಪರ್ ಎತ್ತಿಕೊಂಡರು.

ರೆಕ್ಸಿನ್ ಕೆಲಸದಲ್ಲಿ ಹೇಳಬೇಕಾದದ್ದು ಒಂದೇ. ಉಬ್ಬಿದ ಕಡೆ ರೆಕ್ಸಿನ್ ತಾನಾಗಿ ಬಿಗಿಯಾಗಿ ಕೂರುತ್ತದೆ. ತಗ್ಗಿನಲ್ಲಿ ಮಾತ್ರ ಅದು ಸದಾ ನೇರವಾಗಲು ಎಳೆಯುತ್ತಿರುತ್ತದೆ. ಬಿಸಿಲಿಗೆ ಅಂಟಿಸಿದ ಸೊಲ್ಯೂಷನ್ ಸ್ವಲ್ಪ ಸಡಿಲಾದರೂ ಅಲ್ಲಿ ಮೇಲೆದ್ದು ಬಿಡುತ್ತದೆ. ಹುಬ್ಬಿನ ಹಿಂದಿನ ತಗ್ಗಿನಲ್ಲಿ ಒಂದು ಹೊಲಿಗೆ ಕೊಟ್ಟು ರೆಕ್ಸಿನನ್ನು ಅಲ್ಲೇ ತಿರುಗಿಸಿದೆವು. ಬಣ್ಣ ಹೊಳಪಿಲ್ಲದ ಕಪ್ಪು. ಮಾಲೀಕರಿಗೆ ತಿಳಿ ಬಣ್ಣ ಬೇಕಿತ್ತು. ತಿಳಿ ಬಣ್ಣದ ಒಂದು ತುಂಡನ್ನು ಅಲ್ಲಿಟ್ಟು ಗಾಡಿ ಓಡಿಸಿ ನೋಡಿದ ಮೇಲೆ ಅವರೇ ಬೇಡ ಅಂದರು. ಗಾಜಿನಲ್ಲಿ ಪೂರ್ತಿ ಅದರದ್ದೇ ಪ್ರತಿಬಿಂಬ.

ಎರಡು ಮುಳ್ಳು ಒಟ್ಟಿಗೆ ಮೇಲೆ

ಎಲ್ಲ ಕೂರಿಸಿ ಕಾರು ಓಡಾಡತೊಡಗಿದ ಮೇಲೆ ಮಾಲೀಕರ ಫೋನ್ ಬಂತು. ಎಂಜಿನ್ ಬಿಸಿ ಆಗುತ್ತಿದೆ, ಟೆಂಪರೇಚರ್ ಮುಳ್ಳು ಕೆಂಪಿನ ಹತ್ತಿರ ಹೋಗುತ್ತದೆ. ನನಗೆ ತಿಳಿಸುವ ಮುಂಚೆಯೇ ಅವರು ಥರ್ಮೋಸ್ಟ್ಯಾಟ್ ಬದಲಾಯಿಸಿದ್ದರು, ರೇಡಿಯೇಟರ್ ತೊಳೆಸಿದ್ದರು. ಮುಳ್ಳು ಅಲ್ಲೇ ಇತ್ತು. ಡ್ಯಾಶ್‌ಬೋರ್ಡಿಗೂ ಎಂಜಿನ್ ಬಿಸಿಗೂ ಸಂಬಂಧ ಇರಬಹುದು ಅಂತ ಯಾರಿಗೆ ತಾನೇ ಹೊಳೆಯುತ್ತದೆ?

ಸುಳಿವು ಸಿಕ್ಕಿದ್ದು ಪೆಟ್ರೋಲ್ ಮುಳ್ಳಿನಿಂದ. ಟ್ಯಾಂಕ್ ಅರ್ಧ ಇದೆ ಅಂತ ಅವರಿಗೆ ಖಾತ್ರಿ ಇತ್ತು, ಮುಳ್ಳು ಫುಲ್ ತೋರಿಸುತ್ತಿತ್ತು. ಒಂದು ಮೀಟರ್ ತಪ್ಪು ತೋರಿಸಿದರೆ ಆ ಮೀಟರನ್ನೋ ಅದಕ್ಕೆ ಅಳತೆ ಕಳಿಸುವ ಸೆಂಡರನ್ನೋ ನೋಡಬೇಕು. ಎರಡು ಮೀಟರ್ ಒಂದೇ ದಿಕ್ಕಿಗೆ ತಪ್ಪು ತೋರಿಸಿದರೆ ಎರಡಕ್ಕೂ ಸೇರಿದ ಜಾಗ ನೋಡಬೇಕು.

ಆ ಕಾಲದ ಬಹಳಷ್ಟು ಕಾರುಗಳಲ್ಲಿ ಈ ಎರಡು ಮೀಟರ್‌ಗಳಿಗೆ ಕರೆಂಟ್ ಒಂದು ಸಣ್ಣ ವೋಲ್ಟೇಜ್ ಸ್ಟೆಬಿಲೈಸರ್ ಮೂಲಕ ಬರುತ್ತದೆ. ಅದರೊಳಗೆ ಎರಡು ಬಗೆಯ ಲೋಹ ಬೆಸೆದ ಒಂದು ಪಟ್ಟಿ, ಅದರ ಸುತ್ತ ಒಂದು ಕಾಯಿಸುವ ತಂತಿ. ತಂತಿ ಬಿಸಿಯಾದಾಗ ಪಟ್ಟಿ ಬಾಗಿ ಕರೆಂಟ್ ಕಡಿಯುತ್ತದೆ, ತಣ್ಣಗಾದಾಗ ಮತ್ತೆ ಕೂಡುತ್ತದೆ. ಹೀಗೆ ಕೂಡುತ್ತ ಕಡಿಯುತ್ತ ಸರಾಸರಿ 10 ವೋಲ್ಟ್ ಆಗುತ್ತದೆ. ಕಾಯಿಸುವ ತಂತಿಗೆ ಅರ್ಥಿಂಗ್ ಸಿಗುವುದು ಸ್ಟೆಬಿಲೈಸರಿನ ತಗಡಿನ ಮೈಯಿಂದ. ಆ ಮೈ ಹಳೆಯ ಡ್ಯಾಶ್‌ಬೋರ್ಡಿನ ಉಕ್ಕಿಗೆ ಸ್ಕ್ರೂ ಆಗಿರುತ್ತಿತ್ತು. ಈಗ ಅದನ್ನು ಮುಂಭಾಗದ ಫೈಬರಿಗೆ ಸ್ಕ್ರೂ ಮಾಡಲಾಗಿತ್ತು. ಫೈಬರಿನಲ್ಲಿ ಕರೆಂಟ್ ಹರಿಯುವುದಿಲ್ಲ. ತಂತಿ ಕಾಯಲಿಲ್ಲ, ಪಟ್ಟಿ ಬಾಗಲಿಲ್ಲ, ಬ್ಯಾಟರಿಯ ಪೂರ್ತಿ ವೋಲ್ಟೇಜ್ ಎರಡೂ ಮೀಟರಿಗೆ ಹೋಯಿತು. ಮುಳ್ಳುಗಳು ಮೇಲಕ್ಕೆ ಹೋದವು. ಎಂಜಿನ್ ಪಾಪ ಸರಿಯಾಗಿಯೇ ಇತ್ತು.

ಮುಂಭಾಗ ವಾಲಿಸಿ, ಮಲ್ಟಿಮೀಟರ್‌ನಲ್ಲಿ ಸ್ಟೆಬಿಲೈಸರ್ ಮೈಗೂ ಕಾರಿನ ಬಾಡಿಗೂ ನಡುವೆ ಸಂಪರ್ಕ ನೋಡಿದೆ. ಇರಲಿಲ್ಲ. ಮೀಟರ್ ಬಲ್ಬುಗಳ ಕಥೆಯೂ ಅದೇ. ಸ್ಪೀಡೋಮೀಟರಿನ ಬಲ್ಬು ಮಾತ್ರ ಮಂಕಾಗಿ ಉರಿಯುತ್ತಿತ್ತು, ಕೇಬಲ್ಲಿನ ಲೋಹದ ಹೊರಕವಚದಿಂದ ಅದಕ್ಕೆ ಅಷ್ಟಿಷ್ಟು ಅರ್ಥಿಂಗ್ ಸಿಕ್ಕಿತ್ತು. ಉಳಿದವು ಉರಿಯುತ್ತಲೇ ಇರಲಿಲ್ಲ. ಕಾರು ಹಗಲು ಹೊತ್ತಿನಲ್ಲೇ ಓಡಾಡಿದ್ದರಿಂದ ಯಾರ ಗಮನಕ್ಕೂ ಬಂದಿರಲಿಲ್ಲ.

ಪರಿಹಾರ ಅರ್ಧ ದಿನದ್ದು. ಪ್ರತಿ ಮೀಟರಿನ ಮೈಯಿಂದ, ಸ್ಟೆಬಿಲೈಸರಿನಿಂದ, ಸ್ವಿಚ್ಚುಗಳಿಂದ ಒಂದೊಂದು ಕಪ್ಪು ವೈರ್ ತಂದು ಒಂದು ಹಿತ್ತಾಳೆಯ ಬೋಲ್ಟಿಗೆ ಸೇರಿಸಿದೆ. ಅಲ್ಲಿಂದ ದಪ್ಪ ವೈರ್ ಒಂದು, ಬಣ್ಣ ಕೆರೆದ ಬಾಡಿಗೆ. ಮುಳ್ಳುಗಳು ತಮ್ಮ ಜಾಗಕ್ಕೆ ಬಂದವು.

ಇದೇನೂ ಹೊಸ ರೋಗವಲ್ಲ. 1953ರಲ್ಲಿ ಷೆವರ್ಲೆ ಕಂಪನಿ ಕಾರ್ವೆಟ್ ಕಾರನ್ನು ಪೂರ್ತಿ ಫೈಬರ್ ಬಾಡಿಯಲ್ಲಿ ತಂದಾಗಲೂ ಅರ್ಥಿಂಗ್‌ನ ತೊಂದರೆ ಕಾಡಿತ್ತು. ಉಕ್ಕಿನ ಬಾಡಿ ಸುಮ್ಮನೆ ಮಾಡಿಕೊಂಡು ಹೋಗುತ್ತಿದ್ದ ಕೆಲಸವನ್ನು ಅಲ್ಲಿ ಬೇರೆ ವೈರ್‌ಗಳು ಮಾಡಬೇಕಾಯಿತು. ತಮಾಷೆ ಅಂದರೆ ಅದೇ ಗುಣ ಅವರಿಗೆ ಒಂದು ಉಪಕಾರವನ್ನೂ ಮಾಡಿತು: ರೇಡಿಯೋ ಆಂಟೆನಾವನ್ನು ಡಿಕ್ಕಿಯ ಮುಚ್ಚಳದೊಳಗೇ ಅಡಗಿಸಿಟ್ಟಿದ್ದರು.

ಈಗ ಮಾಡುವುದಾದರೆ

ಒಂದು ಬೇಸಿಗೆ, ಒಂದು ಮಳೆಗಾಲ ಕಳೆದಿದೆ. ಮೇಲ್ಭಾಗ ನೇರವಾಗಿದೆ. ಮಳೆಗಾಲದಲ್ಲಿ ಗಾಜಿನ ಮಂಜು ಬೇಗ ಬಿಡುತ್ತಿರಲಿಲ್ಲ. ಅಂದಕ್ಕೆ ಅಂತ ಗಾಜಿನ ಬುಡದ ಗಾಳಿ ಕಿಂಡಿಗಳನ್ನು ಕಿರಿದು ಮಾಡಿದ್ದೆವು, ಅವನ್ನು ಅಗಲ ಮಾಡಿದ ಮೇಲೆ ಸರಿಹೋಯಿತು.

ಇಂಥದೇ ಕೆಲಸಕ್ಕೆ ಕೈ ಹಾಕುವವರು ಕೇಳಿದರೆ ನಾನು ಹೇಳುವುದು ಕೆಲಸದ ಕ್ರಮದ ಬಗ್ಗೆ. ನಾವು ಆಕಾರದಿಂದ ಶುರುಮಾಡಿ ವೈರಿಂಗ್‌ಗೆ ಬಂದೆವು. ಅದನ್ನು ತಿರುಗಿಸಬೇಕು. ಹಳೆಯ ಡ್ಯಾಶ್‌ಬೋರ್ಡ್ ಬಿಚ್ಚುವ ಮುಂಚೆ ಅದರ ಉಕ್ಕು ಏನೇನು ಕೆಲಸ ಮಾಡುತ್ತಿದೆ ಅಂತ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಯಾವುದನ್ನು ಹೊತ್ತಿದೆ, ಯಾವುದಕ್ಕೆ ಅರ್ಥಿಂಗ್ ಕೊಡುತ್ತಿದೆ, ಗಾಳಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ. ಬಿಚ್ಚಿದ ಮೇಲೆ ಇದು ಯಾರಿಗೂ ನೆನಪಿರುವುದಿಲ್ಲ. ಅರ್ಥಿಂಗ್ ವೈರ್‌ಗಳನ್ನು ಹಳೆಯ ಡ್ಯಾಶ್‌ಬೋರ್ಡ್ ಇರುವಾಗಲೇ ಎಳೆದುಬಿಟ್ಟರೆ ಇನ್ನೂ ಒಳ್ಳೆಯದು.

ರೆಸಿನ್ ಪರೀಕ್ಷೆಗೆ ಇಡೀ ಚಿಪ್ಪು ಬೇಕಾಗಿಲ್ಲ. ಅದೇ ರೆಸಿನ್, ಅಷ್ಟೇ ಪದರಗಳಲ್ಲಿ ಒಂದಡಿ ಉದ್ದದ ಪಟ್ಟಿ ಮಾಡಿ. ಎರಡು ತುದಿಗೆ ಎರಡು ಮರದ ತುಂಡು, ಮಧ್ಯದಲ್ಲಿ ಒಂದು ಸ್ಪ್ಯಾನರ್ ಇಟ್ಟು ಮುಚ್ಚಿದ ಕಾರಿನೊಳಗೆ ಗಾಜಿನ ಕೆಳಗೆ ಬಿಡಿ. ಸಂಜೆ ಆ ಪಟ್ಟಿ ಬಾಗಿದ್ದರೆ ರೆಸಿನ್ ಬದಲಾಯಿಸಿ, ಇಲ್ಲವೇ ಕಾಯಿಸುವ ವ್ಯವಸ್ಥೆ ಮಾಡಿಕೊಳ್ಳಿ. ಮೇಸ್ತ್ರಿ ಈಗ ಗಾಡಿಯ ಒಳಗಿನ ಯಾವ ಕೆಲಸ ಬಂದರೂ ಮೊದಲು ಈ ಪಟ್ಟಿ ಮಾಡಿ ಬಿಸಿಲಿಗೆ ಇಡುತ್ತಾರೆ.

ಬಾಕಿ ಉಳಿದಿರುವುದು ಒಂದು ಕಿರಿಕಿರಿ. ಚಳಿ ಇದ್ದ ಬೆಳಗ್ಗೆ ಚಾಲಕರ ಮೊಣಕಾಲಿನ ಹತ್ತಿರ ಮುಂಭಾಗ ಕಿರ್ರ್ ಅನ್ನುತ್ತದೆ. ಫೈಬರ್ ಅಂಚು ಉಕ್ಕಿಗೆ ಉಜ್ಜುವ ಸದ್ದು ಅದು. ಫೆಲ್ಟ್ ಟೇಪ್ ಅಂಟಿಸಿದ್ದೆವು, ಸವೆದಿದೆ. ವೈಪರ್ ಮೋಟಾರ್ ಕೆಲಸಕ್ಕೆ ಹೇಗೂ ಮುಂಭಾಗ ಬಿಚ್ಚಬೇಕು. ಆಗ ಅಂಚನ್ನು ಎರಡು ಮಿಲಿಮೀಟರ್ ಉಜ್ಜಿ, ಟೇಪ್ ಬದಲು ರಬ್ಬರ್ ಬೀಡಿಂಗ್ ಹಾಕುವುದು ಅಂತ ಮಾತಾಗಿದೆ.